ಸರೋವರದ ದಡದಲ್ಲೊಂದು ಗುಡಾರ: ವಿಹಾರ ಶಿಬಿರದ ಕಥೆ



‘ಶಿಬಿರ’ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಕೆಲವರಿಗೆ ಎನ್.ಸಿ.ಸಿ.ಯ ವಾರ್ಷಿಕ ಶಿಬಿರ ನೆನಪಾಗಬಹುದು. ಕೆಲವರಿಗೆ ಎನ್.ಎಸ್.ಎಸ್. ವತಿಯಿಂದ ಹಳ್ಳಿಯೊಂದರಲ್ಲಿ ಕಳೆದ ಏಳು ದಿನ ನೆನಪಾಗಬಹುದು. ಸ್ಕೌಟ್ ಅಥವಾ ಗೈಡ್ ಆಗಿದ್ದವರಿಗೆ ಗೂಟ ಹೊಡೆದು, ಹಗ್ಗ ಬಿಗಿದು, ಗುಡಾರ ಎತ್ತಿದ ಸಂಜೆ ಕಣ್ಣ ಮುಂದೆ ಬರಬಹುದು. ಆದರೆ ಯಾವ ಕೆಲಸವೂ ಇಲ್ಲದೆ, ಯಾವ ಆಜ್ಞೆಯೂ ಇಲ್ಲದೆ, ಕಾಡಿನ ನಡುವೆ ಒಂದು ಸರೋವರದ ದಡದಲ್ಲಿ ಎರಡು ರಾತ್ರಿ ಸುಮ್ಮನೆ ಮಲಗಿ ಬರುವುದಕ್ಕಾಗಿ ಜನ ಗುಡಾರ ಹೊತ್ತು ಹೋಗುತ್ತಾರೆ ಎಂದರೆ ನಮ್ಮ ಅಜ್ಜ ಅಜ್ಜಿಯರು ನಕ್ಕುಬಿಟ್ಟಾರು. ಮನೆ ಇದ್ದೂ ಬಯಲಿನಲ್ಲಿ ಮಲಗುವುದೇಕೆ ಎಂದು ಅವರು ಕೇಳಿಯಾರು.

ಆ ಪ್ರಶ್ನೆ ಸರಿಯಾದದ್ದೇ. ಮನುಷ್ಯ ಸಾವಿರಾರು ವರ್ಷ ಗುಡಾರದಲ್ಲಿ ಮಲಗಿದ್ದಾನೆ. ಆದರೆ ಸಂತೋಷಕ್ಕಾಗಿ ಮಲಗಿದ್ದು ಬಹಳ ಇತ್ತೀಚೆಗೆ. ಈ ಬದಲಾವಣೆ ಹೇಗಾಯಿತು? ಯಾರು ಮಾಡಿದರು? ಅದರಿಂದ ಕಾಡಿಗೆ ಏನಾಯಿತು? ಆ ಕಾಡಿನ ಮೌನ ಯಾರ ಪಾಲಿಗೆ ಬಂತು, ಯಾರ ಪಾಲಿಗೆ ಬರಲಿಲ್ಲ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಸ್ವಲ್ಪ ದೂರ ಹೋಗಿ ಬರೋಣ.

ಬೀಡು, ದಂಡು, ಗುಡಾರ

ಮೊದಲು ನಮ್ಮ ಭಾಷೆಯನ್ನೇ ಕೇಳಿ ನೋಡೋಣ. ಕನ್ನಡದಲ್ಲಿ ಬೀಡು, ಬಿಡಾರ, ಪಾಳೆಯ, ದಂಡು, ಡೇರೆ, ಗುಡಾರ ಎಂಬ ಮಾತುಗಳಿವೆ. ಇವುಗಳಲ್ಲಿ ಹೆಚ್ಚಿನವು ಸೈನ್ಯದ ಜೊತೆ ನಡೆದು ಬಂದ ಮಾತುಗಳು. ಚಾಲುಕ್ಯರ, ಹೊಯ್ಸಳರ ಶಾಸನಗಳನ್ನು ಓದುವಾಗ ‘ನೆಲೆವೀಡು’ ಎಂಬ ಪದ ಮತ್ತೆ ಮತ್ತೆ ಸಿಗುತ್ತದೆ. ರಾಜ ಎಲ್ಲಿ ನೆಲೆಯಾಗಿ ಬೀಡು ಬಿಟ್ಟಿದ್ದಾನೋ ಅದೇ ನೆಲೆವೀಡು, ಅದೇ ರಾಜಧಾನಿ. ಬೆಂಗಳೂರಿನ ‘ದಂಡು’ ಪ್ರದೇಶದ ಹೆಸರೂ ಹೀಗೇ ಬಂದದ್ದು. ಶ್ರೀರಂಗಪಟ್ಟಣದಲ್ಲಿ ಮಲೇರಿಯಾದಿಂದ ನರಳುತ್ತಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಬಳಿ ಬಂದು ನೆಲೆಸಿತು. ಆ ಸೇನೆ ಹೋಗಿ ದಶಕಗಳೇ ಆದರೂ ದಂಡು ರೈಲು ನಿಲ್ದಾಣದ ಹೆಸರಿನಲ್ಲಿ ಆ ಮಾತು ಉಳಿದಿದೆ.

ಸೈನಿಕನ ಹಾಗೆಯೇ ಕುರಿಗಾಹಿಗೂ ಬಯಲಿನ ರಾತ್ರಿ ಹೊಸದಲ್ಲ. ಉತ್ತರ ಕರ್ನಾಟಕದ ಕುರುಬರು ಇಂದಿಗೂ ಮಳೆಗಾಲ, ಬೇಸಿಗೆಗಳ ಲೆಕ್ಕ ಹಿಡಿದು ಹಿಂಡುಗಳೊಡನೆ ನೂರಾರು ಮೈಲಿ ನಡೆಯುತ್ತಾರೆ. ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬುತ್ತಾರೆ. ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ. ಮೈಮೇಲಿನ ಕಂಬಳಿಯೇ ಅವನ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ. ಅವನಿಗೆ ಇದು ವಿಹಾರವಲ್ಲ, ಜೀವನ.

ಅಂದರೆ ಗುಡಾರವೆಂಬುದು ಯುದ್ಧಕ್ಕೆ, ಮೇವಿಗೆ, ವ್ಯಾಪಾರಕ್ಕೆ, ಯಾತ್ರೆಗೆ ಸೇರಿದ ವಸ್ತುವಾಗಿತ್ತು. ಅದನ್ನು ಬಿಡುವಿನ ವಸ್ತುವನ್ನಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ನಗರ. ಹೊಗೆ ಕಾರುವ ಕಾರ್ಖಾನೆ, ಇಕ್ಕಟ್ಟಾದ ಬೀದಿ, ಗಡಿಯಾರಕ್ಕೆ ಕಟ್ಟಿಬಿದ್ದ ಕಚೇರಿ ಇವೆಲ್ಲ ಬಂದ ಮೇಲೆಯೇ ಕಾಡು ಎಂದರೆ ಭಯದ ಜಾಗವಲ್ಲ, ವಿಶ್ರಾಂತಿಯ ಜಾಗ ಎಂಬ ಭಾವನೆ ಮೂಡಿತು. ಇದಕ್ಕೆ ಸ್ಪಷ್ಟವಾದ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿದೆ.

ಬಾಸ್ಟನ್ನಿನ ಪಾದ್ರಿ ಮತ್ತು ಸರೋವರಗಳ ನಾಡು

ಆ ಪ್ರದೇಶದ ಹೆಸರು ಅಡಿರಾಂಡಾಕ್. ಹಳೆಯ ಬೆಟ್ಟಗಳು, ಪೈನ್, ಸ್ಪ್ರೂಸ್, ಮೇಪಲ್, ಬರ್ಚ್ ಮರಗಳ ದಟ್ಟ ಕಾಡು, ಅದರ ನಡುವೆ ಚಿಕ್ಕವು ದೊಡ್ಡವು ಸೇರಿ ಸುಮಾರು 3,000 ಸರೋವರ ಮತ್ತು ಕೊಳಗಳು. ಮೊಹಾಕ್, ಅಬೆನಾಕಿ ಜನರು ಶತಮಾನಗಳಿಂದ ಬೇಟೆಗೆ, ಮೀನಿಗೆ ಓಡಾಡುತ್ತಿದ್ದ ನಾಡು ಅದು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಹೊರಗಿನಿಂದ ಅಲ್ಲಿಗೆ ಹೋಗುತ್ತಿದ್ದವರು ಮರ ಕಡಿಯುವವರು, ಬೇಟೆಗಾರರು, ಮತ್ತು ಬೆರಳೆಣಿಕೆಯ ಶ್ರೀಮಂತರು.

1869ರ ವಸಂತದಲ್ಲಿ ಬಾಸ್ಟನ್ ನಗರದ ಪಾರ್ಕ್ ಸ್ಟ್ರೀಟ್ ಚರ್ಚಿನ ಯುವ ಪಾದ್ರಿ ವಿಲಿಯಂ ಎಚ್. ಎಚ್. ಮರ್ರೆ ಅಡಿರಾಂಡಾಕ್‌ನ ಶಿಬಿರ ಜೀವನವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಅವನಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಪುಸ್ತಕದಲ್ಲಿ ಬೇಟೆಯ, ದೋಣಿಯ ರೋಚಕ ಕಥೆಗಳಿದ್ದವು. ಆದರೆ ಅದು ಜನರನ್ನು ಸೆಳೆದದ್ದು ಬೇರೆ ಕಾರಣಕ್ಕೆ. ಅಲ್ಲಿಗೆ ಹೋಗುವುದು ಹೇಗೆ, ಯಾವ ದಾರಿ, ಯಾವ ಬಟ್ಟೆ, ಏನು ಒಯ್ಯಬೇಕು, ಮಾರ್ಗದರ್ಶಿಯನ್ನು ಹೇಗೆ ಗೊತ್ತು ಮಾಡಿಕೊಳ್ಳಬೇಕು ಎಂಬುದನ್ನೆಲ್ಲ ಅವನು ವಿವರವಾಗಿ ಬರೆದಿದ್ದ. ಇದು ಗಟ್ಟಿಮುಟ್ಟಾದ ಗಂಡಸರಿಗೆ ಮಾತ್ರ ಅಲ್ಲ, ಹೆಂಗಸರೂ ಬರಬಹುದು ಎಂದೂ, ಕಾಡಿನ ಗಾಳಿ ರೋಗಿಗಳಿಗೆ ಒಳ್ಳೆಯದು ಎಂದೂ ಹೇಳಿದ್ದ.

ಅವನ ಮಾತು ಸರಿಯಾದ ಕಾಲದಲ್ಲಿ ಬಂದಿತ್ತು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಿತ್ತು. ಲಕ್ಷಾಂತರ ಗಂಡಸರು ಆ ನಾಲ್ಕು ವರ್ಷಗಳಲ್ಲಿ ಗುಡಾರದ ಬಾಳು ಕಲಿತಿದ್ದರು. ರೈಲು ಹಳಿಗಳು ಕಾಡಿನ ಅಂಚಿನತ್ತ ಸಾಗುತ್ತಿದ್ದವು. ನಗರದಲ್ಲಿ ಸಂಬಳ ಮತ್ತು ಸ್ವಲ್ಪ ಬಿಡುವು ಇದ್ದ ಮಧ್ಯಮ ವರ್ಗ ಬೆಳೆಯುತ್ತಿತ್ತು. ಪರಿಣಾಮವಾಗಿ ಆ ಬೇಸಿಗೆಯಲ್ಲೇ ಜನ ಅಡಿರಾಂಡಾಕ್‌ಗೆ ನುಗ್ಗಿದರು. ಇದ್ದ ಕೆಲವೇ ತಂಗುದಾಣಗಳು ತುಂಬಿಹೋದವು. ಮಾರ್ಗದರ್ಶಿಗಳು ಸಾಲದಾದರು. ಸಾಲದ್ದಕ್ಕೆ ಮಳೆ, ಜೊತೆಗೆ ಕಚ್ಚುವ ಕರಿನೊಣಗಳ ಕಾಟ. ಕ್ಷಯರೋಗದಿಂದ ಬಳಲುತ್ತಿದ್ದವರೂ ಪಾದ್ರಿಯ ಮಾತು ನಂಬಿ ಬಂದಿದ್ದರು. ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದವರನ್ನು ಪತ್ರಿಕೆಗಳು ‘ಮರ್ರೆಯ ಮೂರ್ಖರು’ ಎಂದು ಗೇಲಿ ಮಾಡಿದವು.

ಆದರೆ ಗಮನಿಸಿ: ಗೇಲಿಯಿಂದ ಜನ ಬರುವುದು ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ದಾರಿಗಳಾದವು, ಹೋಟೆಲುಗಳಾದವು, ರೈಲೂ ಬಂತು. ‘ಅಡಿರಾಂಡಾಕ್ ಮರ್ರೆ’ ಎಂಬುದು ಆ ಪಾದ್ರಿಗೆ ಅಂಟಿದ ಹೆಸರಾಯಿತು. ಬೇಟೆಯೂ ಅಲ್ಲದ, ಚಿಕಿತ್ಸೆಯೂ ಅಲ್ಲದ, ಕೇವಲ ವಿಶ್ರಾಂತಿಗಾಗಿ ಗುಡಾರ ಹಾಕುವ ಪದ್ಧತಿ ಮಧ್ಯಮ ವರ್ಗದಲ್ಲಿ ಬೇರೂರಿದ್ದು ಹೀಗೆ.

ಇಲ್ಲಿ ಮತ್ತೊಂದು ಮಾತು ಮರೆಯಬಾರದು. ನಗರದಿಂದ ಬಂದವರಿಗೆ ಗುಡಾರ ಹಾಕಲು, ಬೆಂಕಿ ಮಾಡಲು, ದಾರಿ ತೋರಿಸಲು ಸ್ಥಳೀಯ ಮಾರ್ಗದರ್ಶಿಗಳು ಇದ್ದರು. ಅವರಲ್ಲಿ ಲಾಂಗ್ ಲೇಕ್‌ನ ಮಿಚೆಲ್ ಸಬಾಟಿಸ್ ಹೆಸರಾದವನು. ಅವನು ಅಬೆನಾಕಿ ಜನಾಂಗದವನು. ಅವರು ಬಳಸುತ್ತಿದ್ದ ದೋಣಿ ಎಷ್ಟು ಹಗುರವೆಂದರೆ, ಒಂದು ಸರೋವರದಿಂದ ಇನ್ನೊಂದಕ್ಕೆ ನಡುವಿನ ನೆಲದ ಮೇಲೆ ಒಬ್ಬನೇ ಅದನ್ನು ಹೆಗಲ ಮೇಲೆ ಹೊತ್ತು ನಡೆಯಬಹುದಾಗಿತ್ತು. ವಿಹಾರಕ್ಕೆ ಬಂದವರು ಆನಂದಿಸಿದ ‘ನಿರ್ಜನ’ ಕಾಡು ಯಾರೋ ಬಲ್ಲ, ಯಾರೋ ಬಾಳಿದ ಕಾಡೇ ಆಗಿತ್ತು.

ಸಂವಿಧಾನದಲ್ಲಿ ಸೇರಿದ ಕಾಡು

ಜನ ಕಾಡನ್ನು ಪ್ರೀತಿಸತೊಡಗಿದ ಅದೇ ವರ್ಷಗಳಲ್ಲಿ ಕಾಡು ವೇಗವಾಗಿ ಬರಿದಾಗುತ್ತಿತ್ತು. ಮರದ ವ್ಯಾಪಾರಿಗಳು ಬೆಟ್ಟಗಳನ್ನು ಬೋಳಿಸಿ ನೆಲ ಬಿಟ್ಟು ಹೋಗುತ್ತಿದ್ದರು. ಉಳಿದ ಕೊಂಬೆ ರೆಂಬೆಗಳಿಗೆ ಬೆಂಕಿ ಬೀಳುತ್ತಿತ್ತು. ಕಾಡು ಹೋದರೆ ಹಡ್ಸನ್ ನದಿಗೂ, ನ್ಯೂಯಾರ್ಕಿನ ವ್ಯಾಪಾರದ ಜೀವನಾಡಿಯಾಗಿದ್ದ ಈರಿ ಕಾಲುವೆಗೂ ನೀರು ಇಳಿದೀತು ಎಂಬ ಭಯ ವ್ಯಾಪಾರಿಗಳಿಗೇ ಹುಟ್ಟಿತು. ಆ ಬೆಟ್ಟಗಳನ್ನು ಅಳೆಯುತ್ತಿದ್ದ ಸರ್ವೇಯರ್ ವರ್‌ಪ್ಲಾಂಕ್ ಕಾಲ್ವಿನ್ ಇದನ್ನೇ ಸರ್ಕಾರಕ್ಕೆ ಒತ್ತಿ ಹೇಳುತ್ತಿದ್ದ.

1885ರಲ್ಲಿ ನ್ಯೂಯಾರ್ಕ್ ಶಾಸನಸಭೆ ಅರಣ್ಯ ರಕ್ಷಣೆಯ ಕಾನೂನು ಮಾಡಿತು. 1892ರಲ್ಲಿ ಅಡಿರಾಂಡಾಕ್ ಉದ್ಯಾನ ಹುಟ್ಟಿತು. ಕಾನೂನಿನಲ್ಲಿ ಸಂದುಗಳು ಕಾಣಿಸಿದಾಗ, 1894ರಲ್ಲಿ ರಾಜ್ಯದ ಸಂವಿಧಾನದಲ್ಲಿಯೇ ಒಂದು ವಿಧಿ ಸೇರಿಸಲಾಯಿತು. ಸರ್ಕಾರಕ್ಕೆ ಸೇರಿದ ಆ ಕಾಡು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕು. ಅದನ್ನು ಮಾರುವಂತಿಲ್ಲ, ಗುತ್ತಿಗೆ ಕೊಡುವಂತಿಲ್ಲ, ಅದರ ಮರ ಕಡಿಯುವಂತಿಲ್ಲ. ಈ ವಿಧಿ ಬದಲಾಗಬೇಕಾದರೆ ಎರಡು ಬೇರೆ ಬೇರೆ ಅವಧಿಯ ಶಾಸನಸಭೆಗಳು ಒಪ್ಪಬೇಕು. ಬಳಿಕ ಮತದಾರರೂ ಒಪ್ಪಬೇಕು. ಇಂದು ಆ ಉದ್ಯಾನದ ವಿಸ್ತಾರ ಸುಮಾರು 60 ಲಕ್ಷ ಎಕರೆ. ಕರ್ನಾಟಕದ ಎಂಟನೆಯ ಒಂದು ಭಾಗದಷ್ಟು ಎಂದುಕೊಳ್ಳಿ. ಅದರ ಅರ್ಧದಷ್ಟು ಖಾಸಗಿ ನೆಲ, ಊರುಗಳು. ಉಳಿದ ಅರ್ಧ ಸಂವಿಧಾನದ ರಕ್ಷಣೆಯಲ್ಲಿರುವ ಕಾಡು.

ದರ್ಜಿ ಹೊಲಿದ ಗುಡಾರ

ಅತ್ತ ಇಂಗ್ಲೆಂಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬಾತ ವೃತ್ತಿಯಿಂದ ಲಂಡನ್ನಿನ ದರ್ಜಿ. 1853ರಲ್ಲಿ, ಒಂಬತ್ತು ವರ್ಷದ ಬಾಲಕನಾಗಿದ್ದಾಗ, ಅವನು ಹೆತ್ತವರೊಡನೆ ಅಮೆರಿಕದ ಬಯಲುಗಳನ್ನು ಬಂಡಿಗಳ ಸಾಲಿನಲ್ಲಿ ದಾಟಿದ್ದ. ಮಿಸಿಸಿಪಿ ನದಿಯ ದಡದಲ್ಲಿ ವಾರಗಟ್ಟಲೆ ಬೀಡು ಬಿಟ್ಟಿದ್ದ. ದೊಡ್ಡವನಾದ ಮೇಲೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದಷ್ಟು ಹಗುರವಾದ ಗುಡಾರವನ್ನು ತಾನೇ ರೂಪಿಸಿದ. 1901ರಲ್ಲಿ ಬೆರಳೆಣಿಕೆಯ ಗೆಳೆಯರನ್ನು ಕೂಡಿಸಿಕೊಂಡು ಸೈಕಲ್ ಶಿಬಿರಿಗರ ಸಂಘ ಕಟ್ಟಿದ. 1908ರಲ್ಲಿ ಶಿಬಿರದ ಕೈಪಿಡಿಯೊಂದನ್ನು ಬರೆದ. ಆ ಸಂಘ ಬೇರೆ ಹೆಸರಿನಲ್ಲಿ ಇಂದಿಗೂ ಇದೆ.

ಹೋಲ್ಡಿಂಗ್ ಮಾಡಿದ ಮುಖ್ಯ ಕೆಲಸ ತೂಕ ಇಳಿಸಿದ್ದು. ಸೈನ್ಯದ ಗುಡಾರಕ್ಕೆ ಗಾಡಿ ಬೇಕು, ಆಳು ಬೇಕು. ಹಾಗಾಗಿ ಅದು ಉಳ್ಳವರ ವಸ್ತು. ಹಗುರವಾದ ಬಟ್ಟೆ, ಜೋಡಿಸಬಹುದಾದ ಕೋಲು ಬಂದ ಮೇಲೆ ಗುಡಾರ ಗುಮಾಸ್ತನಿಗೂ, ಶಾಲಾ ಉಪಾಧ್ಯಾಯನಿಗೂ ಎಟುಕಿತು. ತಂತ್ರಜ್ಞಾನದ ಚಿಕ್ಕ ಬದಲಾವಣೆಯೊಂದು ಸಂತೋಷವನ್ನು ಹೆಚ್ಚು ಜನರಿಗೆ ಹಂಚಿದ ಉದಾಹರಣೆ ಇದು.

ಇದೇ ಕಾಲಕ್ಕೆ, 1907ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಬೇಡನ್ ಪೊವೆಲ್ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದ. ಆ ಹುಡುಗರಲ್ಲಿ ಕೆಲವರು ಸಿರಿವಂತರ ಶಾಲೆಗಳಿಂದ ಬಂದವರು, ಕೆಲವರು ದುಡಿಯುವ ವರ್ಗದ ಮನೆಗಳಿಂದ ಬಂದವರು. ಒಂದೇ ಗುಡಾರ, ಒಂದೇ ಊಟ. ವರ್ಗಭೇದ ಗಟ್ಟಿಯಾಗಿದ್ದ ಅಂದಿನ ಇಂಗ್ಲೆಂಡಿನಲ್ಲಿ ಇದು ಚಿಕ್ಕ ಸಂಗತಿಯಲ್ಲ. ಸ್ಕೌಟ್ ಚಳವಳಿ ಹುಟ್ಟಿದ್ದು ಅಲ್ಲಿಂದ. ಎರಡೇ ವರ್ಷದಲ್ಲಿ ಅದು ನಮ್ಮ ನಾಡಿಗೆ ಬಂತು. 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಆರಂಭವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಆರಂಭದಲ್ಲಿ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಭಾರತೀಯ ಮಕ್ಕಳಿಗೆ ಬಾಗಿಲು ತೆರೆಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಮೋಟಾರು ಬಂತು, ನೆಲ ಸತ್ತಿತು

ಈಗ ನಮ್ಮ ಕಥೆಯ ತಿರುವು. 1908ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಮೋಟಾರು ಮಾರುಕಟ್ಟೆಗೆ ಬಂತು. ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. 1920ರ ದಶಕದ ಹೊತ್ತಿಗೆ ಅಮೆರಿಕದ ಸಾಮಾನ್ಯ ಕುಟುಂಬವೂ ಕಾರಿಗೆ ಗುಡಾರ ಕಟ್ಟಿಕೊಂಡು ಕಾಡಿನತ್ತ ಹೊರಟಿತು. ರೈಲು ನಿಲ್ದಾಣದಲ್ಲಿ ನಿಲ್ಲುತ್ತದೆ. ಕಾರು ಮನಸ್ಸು ಬಂದಲ್ಲಿ ನಿಲ್ಲುತ್ತದೆ. ಮರಗಳ ನಡುವೆ, ಹುಲ್ಲುಗಾವಲಿನ ಮೇಲೆ, ನೀರಿನ ಅಂಚಿನವರೆಗೆ ಕಾರುಗಳು ನುಗ್ಗಿದವು.

ಯಾರೂ ಮರ ಕಡಿಯುತ್ತಿರಲಿಲ್ಲ. ಆದರೂ ಮರಗಳು ಸೊರಗುತ್ತಿದ್ದವು. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವನು ಎಮಿಲಿಯೊ ಮೈನೆಕೆ ಎಂಬ ವಿಜ್ಞಾನಿ. ಅವನ ವಿಷಯ ಸಸ್ಯರೋಗಶಾಸ್ತ್ರ. ಕ್ಯಾಲಿಫೋರ್ನಿಯಾದ ಸೆಕ್ವೋಯಾ, ರೆಡ್‌ವುಡ್ ಎಂಬ ದೈತ್ಯ ಮರಗಳ ಮೇಲೆ ಪ್ರವಾಸಿಗರಿಂದ ಆಗುತ್ತಿದ್ದ ಪರಿಣಾಮವನ್ನು ಅವನು 1920ರ ದಶಕದಲ್ಲಿ ಅಧ್ಯಯನ ಮಾಡಿದ. ನಿಮ್ಮ ಜೀವಶಾಸ್ತ್ರದ ಪಾಠವನ್ನು ಜ್ಞಾಪಿಸಿಕೊಂಡು ಅವನು ಕಂಡದ್ದನ್ನು ಹಂತ ಹಂತವಾಗಿ ನೋಡಿ.

ಕಾಡಿನ ನೆಲದ ಮೇಲೆ ತರಗೆಲೆಯ ಹಾಸು ಇರುತ್ತದೆ. ಅದರ ಕೆಳಗಿನ ಮಣ್ಣು ಸಡಿಲ. ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಮತ್ತು ನೀರು ಇರುತ್ತವೆ. ನೂರಾರು ಅಡಿ ಎತ್ತರದ ಮರವೂ ನೀರು ಹೀರುವುದು ಮೇಲ್ಪದರದಲ್ಲಿ ಹರಡಿಕೊಂಡ ಕೂದಲಿನಂತಹ ಬೇರುಗಳಿಂದ. ಸಾವಿರ ಪಾದಗಳು, ನೂರು ಚಕ್ರಗಳು ಹಾದುಹೋದಾಗ ತರಗೆಲೆ ಪುಡಿಯಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಸಂದುಗಳು ಮುಚ್ಚುತ್ತವೆ. ಮಳೆಯ ನೀರು ಒಳಗೆ ಇಳಿಯದೆ ಹರಿದುಹೋಗುತ್ತದೆ. ಎಳೆ ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಮೊದಲು ಪೊದೆ, ಗಿಡ ಹೋಗುತ್ತವೆ. ಮರದ ತುದಿ ಒಣಗುವುದು ವರ್ಷಗಳ ನಂತರ. ಅಷ್ಟರಲ್ಲಿ ಕಾರಣವಾದವರು ಯಾವಾಗಲೋ ಮನೆ ಸೇರಿರುತ್ತಾರೆ. ತಮ್ಮಿಂದ ಏನೋ ಆಯಿತೆಂಬುದು ಅವರಿಗೆ ತಿಳಿಯುವುದೇ ಇಲ್ಲ.

ಧೂಳೆದ್ದ ಜಾಗವನ್ನು ಬಿಟ್ಟು ಪಕ್ಕದ ಹಸುರು ಜಾಗಕ್ಕೆ ಶಿಬಿರವನ್ನು ಸರಿಸಿದರಾಯಿತು ಎಂದು ಅಂದಿನವರು ಭಾವಿಸಿದ್ದರು. ಹಾಗೆ ಮಾಡಿದರೆ ಹಾನಿ ನಿಲ್ಲುವುದಿಲ್ಲ, ಹರಡುತ್ತದೆ. ಕೆಲವು ಚೂರು ನೆಲ ಸವೆಯಲಿ ಎಂದು ಮೊದಲೇ ಒಪ್ಪಿಕೊಂಡು, ಉಳಿದದ್ದನ್ನು ಮುಟ್ಟದಂತೆ ಮಾಡಬೇಕು ಎಂಬುದು ಮೈನೆಕೆಯ ತೀರ್ಮಾನ. 1932ರಲ್ಲಿ ಅವನು ಈ ವಿಚಾರವನ್ನು ಒಂದು ಚಿಕ್ಕ ಪುಸ್ತಿಕೆಯಾಗಿ ಬರೆದ. ಕಾರುಗಳಿಗೆ ಬಳಸು ಹಾದಿಯಂತಹ ಕಿರಿದಾದ ಏಕಮುಖ ರಸ್ತೆ. ಅದರಿಂದ ಓರೆಯಾಗಿ ಕವಲೊಡೆದ ಪುಟ್ಟ ಪುಟ್ಟ ನಿಲುಗಡೆಗಳು. ಚಕ್ರ ದಾಟದಂತೆ ಅಂಚಿಗೆ ಬಂಡೆಗಳು, ದಿಮ್ಮಿಗಳು. ಪ್ರತಿ ಕುಟುಂಬಕ್ಕೂ ಗುಡಾರದ ಜಾಗ, ಮೇಜು, ಒಲೆ, ಎಲ್ಲವೂ ಕದಲದಂತೆ ಒಂದೇ ಕಡೆ. ಒಂದು ತಾಣಕ್ಕೂ ಇನ್ನೊಂದಕ್ಕೂ ನಡುವೆ ಪೊದೆ, ಮರಗಳ ಮರೆ.

ಈ ವಿನ್ಯಾಸ ಅಮೆರಿಕದಾದ್ಯಂತ ಹಬ್ಬಿತು. ಇಂದಿಗೂ ಅಲ್ಲಿನ ಯಾವುದೇ ಸರ್ಕಾರಿ ಶಿಬಿರತಾಣದ ನಕ್ಷೆ ನೋಡಿದರೆ ಆ ಬಳಸು ಹಾದಿಯ ಕುಣಿಕೆಗಳು ಕಾಣುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಪಕ್ಕದ ಗುಡಾರ ಕಾಣದೆ, ಮಾತು ಕೇಳದೆ, ನಾವೊಬ್ಬರೇ ಇದ್ದೇವೆ ಎನ್ನಿಸುವ ಆ ಏಕಾಂತ ಸಹಜವಾಗಿ ಬಂದದ್ದಲ್ಲ. ಬೇರುಗಳನ್ನು ಉಳಿಸಲು ಹೊರಟ ವಿಜ್ಞಾನಿಯೊಬ್ಬ ಎಳೆದ ಗೆರೆಗಳಿಂದ ಬಂದದ್ದು.

ಗೆರೆಗಳನ್ನು ನೆಲದ ಮೇಲೆ ಇಳಿಸಿದವರು ನಿಮ್ಮ ವಯಸ್ಸಿನವರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಯುವಕರಿಗಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಲ್ಲಿ ಒಂದು ಸಂರಕ್ಷಣಾ ದಳ ಸ್ಥಾಪಿಸಿದರು. 1942ರವರೆಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದರು. ತಿಂಗಳಿಗೆ 30 ಡಾಲರ್ ಕೂಲಿ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ಮೊದಮೊದಲು ಅವರೂ ಸೈನ್ಯದ ಗುಡಾರಗಳಲ್ಲೇ ಮಲಗುತ್ತಿದ್ದರು. ಅವರು ಮರ ನೆಟ್ಟರು, ಬೆಂಕಿ ಆರಿಸಿದರು, ದಾರಿ ಮಾಡಿದರು, ಶಿಬಿರತಾಣಗಳನ್ನು ಕಟ್ಟಿದರು. ಬೇರೆಯವರ ಬಿಡುವಿನ ಸುಖ ಈ ಬಡ ಹುಡುಗರ ಬೆವರಿನಿಂದ ಬಂತು.

ಮೌನ ಯಾರ ಪಾಲಿಗೆ?

ಶಿಬಿರತಾಣ ಸರ್ಕಾರದ್ದು, ಅಂದರೆ ಎಲ್ಲರದು. ಹಾಗೆಂದು ಕಾಗದ ಹೇಳುತ್ತಿತ್ತು. ವಾಸ್ತವ ಬೇರೆ.

ವರ್ಜೀನಿಯಾ ರಾಜ್ಯದ ಶೆನಂಡೋವಾ ರಾಷ್ಟ್ರೀಯ ಉದ್ಯಾನ 1935ರಲ್ಲಿ ಸ್ಥಾಪನೆಯಾಯಿತು. ಆ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ 400ಕ್ಕೂ ಹೆಚ್ಚು ಕುಟುಂಬಗಳು ಅದಕ್ಕಾಗಿ ಮನೆ ಬಿಡಬೇಕಾಯಿತು. ಉದ್ಯಾನ ತೆರೆದ ಮೇಲೆ, ಆ ರಾಜ್ಯದ ವರ್ಣಭೇದದ ರೂಢಿಯಂತೆ, ಕಪ್ಪು ಜನರು ಬಿಳಿಯರ ಜೊತೆ ಊಟ ಮಾಡುವಂತಿರಲಿಲ್ಲ, ತಂಗುವಂತಿರಲಿಲ್ಲ. 1939ರಲ್ಲಿ ಅವರಿಗೆಂದೇ ಲೂಯಿಸ್ ಮೌಂಟನ್ ಎಂಬಲ್ಲಿ ಬೇರೆಯ ಶಿಬಿರತಾಣ ತೆರೆಯಲಾಯಿತು. ಇದನ್ನು ಕೇಂದ್ರ ಸರ್ಕಾರದ ಒಳಗಿನಿಂದಲೇ ವಿರೋಧಿಸಿದವರಿದ್ದರು. ಒಳಾಡಳಿತ ಇಲಾಖೆಯ ಸಲಹೆಗಾರನಾಗಿದ್ದ ಕಪ್ಪು ಜನಾಂಗದ ವಿಲಿಯಂ ಟ್ರೆಂಟ್ ಅವರಲ್ಲೊಬ್ಬ. 1940ರ ದಶಕದಲ್ಲಿ ನೀತಿ ಬದಲಾಯಿತು. 1950ರ ಹೊತ್ತಿಗೆ ಆ ಉದ್ಯಾನದಲ್ಲಿ ಬೇಧ ಪೂರ್ತಿಯಾಗಿ ಹೋಯಿತು.

ಆದರೆ ತಾಣ ತಲುಪುವ ದಾರಿಯೂ ಒಂದು ಸಮಸ್ಯೆಯೇ. ಕಪ್ಪು ಕುಟುಂಬವೊಂದು ಕಾರಿನಲ್ಲಿ ಹೊರಟರೆ ದಾರಿಯಲ್ಲಿ ಎಲ್ಲಿ ಪೆಟ್ರೋಲ್ ಕೊಡುತ್ತಾರೆ, ಎಲ್ಲಿ ಅನ್ನ ಕೊಡುತ್ತಾರೆ, ಎಲ್ಲಿ ಕತ್ತಲಾದ ಮೇಲೆ ಇರಬಾರದು ಎಂಬುದು ಗೊತ್ತಿರಬೇಕಾಗಿತ್ತು. ಇದಕ್ಕಾಗಿಯೇ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆಯಾಳು 1936ರಿಂದ ಒಂದು ಮಾರ್ಗದರ್ಶಿ ಪುಸ್ತಕ ಹೊರತರುತ್ತಿದ್ದ. ಅದು 1960ರ ದಶಕದವರೆಗೂ ನಡೆಯಿತು. ಒಬ್ಬರಿಗೆ ಕಾಡಿನ ಕತ್ತಲು ವಿಶ್ರಾಂತಿ. ಇನ್ನೊಬ್ಬರಿಗೆ ಅದೇ ಕತ್ತಲು ಭಯ. ಇದು ಕಾಡಿನ ಗುಣವಲ್ಲ, ಸಮಾಜದ ಗುಣ.

ನೀರಿನ ದಡ ಯಾರದು ಎಂಬ ಪ್ರಶ್ನೆ ನಮಗೇನೂ ಹೊಸದಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಡನೆ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದನ್ನು ನೀವು ಇತಿಹಾಸದಲ್ಲಿ ಓದಿದ್ದೀರಿ. ಸಾರ್ವಜನಿಕ ಎಂಬ ಫಲಕ ಹಾಕಿದ ಮಾತ್ರಕ್ಕೆ ಜಾಗ ಸಾರ್ವಜನಿಕವಾಗುವುದಿಲ್ಲ. ಅದನ್ನು ಹಾಗೆ ಮಾಡಬೇಕಾಗುತ್ತದೆ.

ಹೆಜ್ಜೆಯ ಗುರುತು ಉಳಿಸದೆ

ಎರಡನೆಯ ಮಹಾಯುದ್ಧದ ನಂತರ ಗುಡಾರ ಮತ್ತಷ್ಟು ಹಗುರವಾಯಿತು. 1935ರಲ್ಲಿ ಕಂಡುಹಿಡಿದ ನೈಲಾನ್ ಹತ್ತಿಯ ಕ್ಯಾನ್ವಾಸಿನ ಜಾಗಕ್ಕೆ ಬಂತು. ಹತ್ತಿಯ ಗುಡಾರದ ಗುಣ ಬೇರೆ: ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ಒಳಬರುವುದಿಲ್ಲ, ಆದರೆ ಒಳಗಿನಿಂದ ಬೆರಳು ತಾಗಿಸಿದರೆ ಅಲ್ಲಿಯೇ ಸೋರತೊಡಗುತ್ತದೆ. ನೈಲಾನಿನಲ್ಲಿ ಆ ತೊಂದರೆ ಇಲ್ಲ. ಆದರೆ ಗಾಳಿಯಾಡದಿದ್ದರೆ ನಮ್ಮದೇ ಉಸಿರಿನ ತೇವ ರಾತ್ರಿ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಬೆಳಿಗ್ಗೆ ಒದ್ದೆಯಾದ ಹೊದಿಕೆ ನೋಡಿ ಗುಡಾರ ಸೋರಿತು ಎಂದು ಹೊಸಬರು ತಿಳಿಯುತ್ತಾರೆ.

ಸರೋವರದ ತೀರ ಅಂಚಿನಲ್ಲಿ ಗುಡಾರ ಹಾಕಬಾರದು ಎಂಬುದಕ್ಕೂ ಕಾರಣಗಳಿವೆ. ರಾತ್ರಿ ತಣಿದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ; ಅಲ್ಲಿ ಚಳಿ, ಮಂಜು ಹೆಚ್ಚು. ದಡದ ಮಣ್ಣು ಮೆತ್ತಗಿನದು, ಬೇಗ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪ್ರಾಣಿಗಳು ಕತ್ತಲಲ್ಲಿ ನೀರಿಗೆ ಬರುವ ದಾರಿ. ಆದ್ದರಿಂದ ನೀರಿನಿಂದ ಸುಮಾರು 60 ಮೀಟರ್ ದೂರದಲ್ಲಿ, ಸ್ವಲ್ಪ ಎತ್ತರದಲ್ಲಿ ಗುಡಾರ ಹಾಕಬೇಕು. ಪಾತ್ರೆ ತೊಳೆಯುವುದಾದರೆ ನೀರನ್ನು ಹೊತ್ತು ದೂರ ತಂದು ತೊಳೆಯಬೇಕು.

ಅಮೆರಿಕದಲ್ಲಿ 1964ರ ವನ್ಯಪ್ರದೇಶ ಕಾಯಿದೆಯ ನಂತರ ಈ ತಿಳಿವಳಿಕೆಗಳನ್ನೆಲ್ಲ ಕಲೆಹಾಕುವ ಪ್ರಯತ್ನ ನಡೆಯಿತು. 1990ರ ದಶಕದಲ್ಲಿ ‘ಗುರುತು ಉಳಿಸಬೇಡಿ’ ಎಂಬ ಅರ್ಥದ ಹೆಸರಿನಲ್ಲಿ ಅವು ಏಳು ಸೂತ್ರಗಳಾದವು. ಮುಂಚೆಯೇ ಯೋಜಿಸಿ, ಗಟ್ಟಿ ನೆಲದ ಮೇಲೆ ನಡೆಯಿರಿ, ಮಲಗಿರಿ, ಕಸವನ್ನು ಸರಿಯಾಗಿ ವಿಲೇವಾರಿ ಮಾಡಿ, ಕಂಡದ್ದನ್ನು ಇದ್ದಲ್ಲೇ ಬಿಡಿ, ಬೆಂಕಿಯನ್ನು ಕಡಿಮೆ ಮಾಡಿ, ಪ್ರಾಣಿಗಳನ್ನು ಗೌರವಿಸಿ, ಇತರ ಜನರ ನೆಮ್ಮದಿ ಕೆಡಿಸಬೇಡಿ. ನಮ್ಮ ಕುರುಬನಿಗೆ, ಅಬೆನಾಕಿ ಮಾರ್ಗದರ್ಶಿಗೆ ಇವನ್ನು ಯಾರೂ ಪಟ್ಟಿ ಮಾಡಿ ಹೇಳಬೇಕಾಗಿರಲಿಲ್ಲ. ಅವರು ಮುಂದಿನ ವರ್ಷ ಅದೇ ಜಾಗಕ್ಕೆ ಬರಬೇಕಾಗಿತ್ತು.

ಕಬಿನಿಯ ದಡದಲ್ಲಿ

ಈ ಕಥೆಗೆ ನಮ್ಮಲ್ಲಿಯೂ ಒಂದು ದಡವಿದೆ. ಮೈಸೂರು ಸೀಮೆಯ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದಾಗ ರಾಜಕುಮಾರರಿಗೆ, ವೈಸರಾಯರಿಗೆ ಗುಡಾರಗಳ ಊರೇ ಏಳುತ್ತಿತ್ತು. ಕಾಡನ್ನು ಬಲ್ಲ ಜೇನುಕುರುಬರು, ಬೆಟ್ಟಕುರುಬರು ಆನೆಗಳನ್ನು ಅಟ್ಟುವ ಅಪಾಯದ ಕೆಲಸದಲ್ಲಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾಗಿ, ಆ ಬಯಲುಗಳು ನೀರಿನಲ್ಲಿ ಮುಳುಗಿದವು. ಜಲಾಶಯ ಮತ್ತು ವನ್ಯಜೀವಿ ರಕ್ಷಣೆ, ಎರಡರ ಕಾರಣದಿಂದಲೂ ಅನೇಕ ಗಿರಿಜನ ಕುಟುಂಬಗಳು ಕಾಡಿನಿಂದ ಹೊರಬಂದವು. 1980ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಸ್ಥಾಪನೆಯಾಗಿ, ಅದೇ ನೀರಿನ ದಡದ ಕಾರಾಪುರದಲ್ಲಿ ವಿಹಾರಿಗಳಿಗೆ ತಂಗುದಾಣ ತೆರೆಯಿತು. ಶೆನಂಡೋವಾದ ಬೆಟ್ಟದ ಕುಟುಂಬಗಳನ್ನು ನೆನೆಯಿರಿ. ಊರು ಬೇರೆ, ಪ್ರಶ್ನೆ ಒಂದೇ.

ನಮ್ಮಲ್ಲಿ ಅಭಯಾರಣ್ಯದೊಳಗೆ ಮನಸ್ಸು ಬಂದಲ್ಲಿ ಗುಡಾರ ಹಾಕುವಂತಿಲ್ಲ ಎಂಬುದನ್ನು ತಿಳಿದಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಒಳಹೋಗಲು ಅನುಮತಿ ಬೇಕು. ಬೆಂಕಿ ಹಚ್ಚುವುದು ಅಪರಾಧ. ನಮ್ಮ ಕಾಡು ಅಡಿರಾಂಡಾಕ್‌ನಷ್ಟು ವಿಶಾಲವಲ್ಲ. ಆನೆ, ಹುಲಿಗಳು ಇರುವುದು ಅದೇ ಉಳಿದಿರುವ ಚೂರುಗಳಲ್ಲಿ. ಆದ್ದರಿಂದ ನಿಮ್ಮ ಶಾಲೆ ಕಾಲೇಜಿನ ಶಿಬಿರ ಅರಣ್ಯ ಇಲಾಖೆ ಗೊತ್ತುಪಡಿಸಿದ ಜಾಗದಲ್ಲಿ, ಅಥವಾ ಊರವರು ಒಪ್ಪಿದ ತೋಪಿನಲ್ಲಿ, ಬಲ್ಲವರೊಬ್ಬರ ಜೊತೆಯಲ್ಲಿ ನಡೆಯಲಿ.

ಮುಂದಿನ ಸಲ ನೀವು ಶಿಬಿರಕ್ಕೆ ಹೋದಾಗ ಮೂರು ಸಂಗತಿಗಳನ್ನು ಗಮನಿಸಿ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಗುಡಾರ ಇರುವ ನೆಲವನ್ನೂ ಹತ್ತು ಹೆಜ್ಜೆ ಆಚೆಯ ನೆಲವನ್ನೂ ಬೆರಳಿನಿಂದ ಒತ್ತಿ ನೋಡಿ: ಎರಡರಲ್ಲಿ ಯಾವುದು ಗಟ್ಟಿ, ಎಲ್ಲಿ ಹುಲ್ಲಿದೆ? ಆ ಜಾಗದಲ್ಲಿ ಹಿಂದೆ ಯಾರಿದ್ದರು ಎಂದು ಊರಿನ ಹಿರಿಯರನ್ನು ಕೇಳಿ. ನಿಮ್ಮ ತರಗತಿಯವರಲ್ಲಿ ಯಾರು ಶಿಬಿರಕ್ಕೆ ಬಂದಿಲ್ಲ, ಏಕೆ ಬಂದಿಲ್ಲ ಎಂದು ಯೋಚಿಸಿ. ಹಣವಿಲ್ಲದ್ದಕ್ಕೋ, ಹುಡುಗಿಯೆಂಬ ಕಾರಣಕ್ಕೆ ಮನೆಯಲ್ಲಿ ಕಳುಹಿಸದ್ದಕ್ಕೋ?

ಗುಡಾರವನ್ನು ಅರ್ಧ ಗಂಟೆಯಲ್ಲಿ ಎತ್ತಬಹುದು, ಹತ್ತು ನಿಮಿಷದಲ್ಲಿ ಇಳಿಸಬಹುದು. ಅದು ನಿಂತ ನೆಲ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಹೋಗಿಬನ್ನಿ. ನಿಮ್ಮ ನಂತರ ಬರುವವರಿಗೂ ಅದೇ ಹಸುರು, ಅದೇ ಮೌನ ಸಿಗಲಿ.